ರಂಗನಾಥನ್ ಮೇಷ್ಟ್ರ ಜರಡಿ

ಕೆಲಸಕ್ಕೆ ಸೇರಿ ವಾರ ಕಳೆಯುವಷ್ಟರಲ್ಲೇ ಬೇಸತ್ತು, ನನ್ನನ್ನು ಮತ್ತೆ ಪಾಠ ಮಾಡಲಿಕ್ಕೇ ಕರೆದುಕೊಳ್ಳಿ ಎಂದು ಹಳೆಯ ಕಾಲೇಜಿನ ಪ್ರಿನ್ಸಿಪಾಲರ ಮುಂದೆ ಹೋಗಿ ನಿಂತವರು ಅವರು. ಅವರನ್ನೇ ನಾವಿಂದು ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎನ್ನುತ್ತೇವೆ. ಹೆಸರು ಶಿಯಾಳಿ ರಾಮಾಮೃತ ರಂಗನಾಥನ್. ಆಗಸ್ಟ್ 12ರಂದು ದೇಶದ ಗ್ರಂಥಾಲಯಗಳಲ್ಲಿ ಗ್ರಂಥಪಾಲಕರ ದಿನ ಆಚರಿಸುವುದು ಅವರ ನೆನಪಿಗೇ.

ನಾನು ಗ್ರಂಥಾಲಯ ವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ ಎರಡು ವರ್ಷವಾಯಿತು. ನೇಮಕಾತಿ ಅಧಿಸೂಚನೆಗೆ ಕಾಯುವವರ ಸಾಲಿನಲ್ಲಿ ನಾನೂ ಒಬ್ಬಳು. ಮದುವೆ ಮನೆಗೆ ಹೋದರೂ, ನಾಮಕರಣಕ್ಕೆ ಹೋದರೂ ಒಂದೇ ಪ್ರಶ್ನೆ: ಎಲ್ಲವೂ ಮೊಬೈಲಿನಲ್ಲೇ ಸಿಗುವಾಗ ಲೈಬ್ರರಿಯನ್ ಯಾರಿಗಮ್ಮ ಬೇಕು? ಈ ಪ್ರಶ್ನೆಗೆ ನನ್ನಲ್ಲಿದ್ದ ಉತ್ತರ ಪರೀಕ್ಷೆಗೆ ಬರೆಯುವಂಥದ್ದು. ನಿಜವಾದ ಉತ್ತರ ಸಿಕ್ಕಿದ್ದು ನಮ್ಮೂರಿನ ಗ್ರಂಥಾಲಯದಲ್ಲಿ, ಸಂಜೆ ಹೊತ್ತು ಹೈಸ್ಕೂಲು ಮಕ್ಕಳ ಜೊತೆ ಕಂಪ್ಯೂಟರಿನ ಮುಂದೆ ಕೂತಾಗ. ಆ ಉತ್ತರದ ಬೇರು ರಂಗನಾಥನ್ ಅವರ ಬದುಕಿನಲ್ಲಿದೆ. ಹಾಗಾಗಿ ಮೊದಲು ಅವರ ಕಥೆ.

ರಂಗನಾಥನ್ ಹುಟ್ಟಿದ್ದು 1892ರಲ್ಲಿ, ಆಗಿನ ತಂಜಾವೂರು ಜಿಲ್ಲೆಯ ಶಿಯಾಳಿಯಲ್ಲಿ. ಆರನೆಯ ವಯಸ್ಸಿಗೇ ತಂದೆಯನ್ನು ಕಳೆದುಕೊಂಡರು. ಮಾತಿನಲ್ಲಿ ತೊದಲು ಇತ್ತು. ಆದರೂ ಅವರು ಆರಿಸಿಕೊಂಡದ್ದು ತರಗತಿಯ ಮುಂದೆ ನಿಂತು ದಿನವಿಡೀ ಮಾತನಾಡಬೇಕಾದ ಕೆಲಸವನ್ನು. ಮದರಾಸು ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತ ಓದಿ, ಮೇಷ್ಟ್ರಾಗಿ ಮೊದಲು ಬಂದದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿಗೆ, 1917ರಲ್ಲಿ. ಆಮೇಲೆ ಕೊಯಮತ್ತೂರು, ಅಲ್ಲಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜು.

ಮದರಾಸು ವಿಶ್ವವಿದ್ಯಾಲಯ ತನ್ನ ಮೊದಲ ಗ್ರಂಥಪಾಲಕರ ಹುದ್ದೆಗೆ ಅರ್ಜಿ ಕರೆದಾಗ ನೂರಾರು ಅರ್ಜಿಗಳು ಬಂದವು. ಅವರಲ್ಲಿ ಗ್ರಂಥಾಲಯದ ತರಬೇತಿ ಪಡೆದವರು ಒಬ್ಬರೂ ಇರಲಿಲ್ಲ. ಸಂಬಳ ಚೆನ್ನಾಗಿದೆ ಎಂದು ಸ್ನೇಹಿತರು ಒತ್ತಾಯಿಸಿದ್ದರಿಂದ ರಂಗನಾಥನ್ ಅರ್ಜಿ ಹಾಕಿದ್ದರು. ಸಂದರ್ಶನಕ್ಕೆ ಮುಂಚೆ ವಿಶ್ವಕೋಶವೊಂದರಲ್ಲಿ ಗ್ರಂಥಾಲಯದ ಬಗ್ಗೆ ಇದ್ದ ಲೇಖನ ಓದಿಕೊಂಡು ಹೋದದ್ದೇ ಅವರ ತಯಾರಿಯಂತೆ. ಕೆಲಸ ಸಿಕ್ಕಿತು. 1924ರ ಜನವರಿಯಲ್ಲಿ ಸೇರಿದರು. ಕಪಾಟು ತುಂಬ ಪುಸ್ತಕ, ಓದಲು ಬರುವವರು ಮಾತ್ರ ಇಲ್ಲ. ವಿದ್ಯಾರ್ಥಿಗಳ ಗದ್ದಲದಲ್ಲಿ ಬದುಕಿದವರಿಗೆ ಆ ಮೌನ ತಡೆಯಲಾಗಲಿಲ್ಲ. ಓಡಿ ಬಂದರು. ಹೇಗೂ ಇಂಗ್ಲೆಂಡಿನಲ್ಲಿ ತರಬೇತಿಗೆ ಹೋಗಬೇಕಲ್ಲ, ಹೋಗಿ ಬಂದ ಮೇಲೂ ಬೇಸರವೇ ಆದರೆ ಮರಳಿ ಬನ್ನಿ ಎಂದು ಸಮಾಧಾನ ಮಾಡಿ ಕಳಿಸಿದರು.

ಲಂಡನ್ನಿನಲ್ಲಿ ಅವರು ಯೂನಿವರ್ಸಿಟಿ ಕಾಲೇಜಿಗೆ ಸೇರಿದರು. ಪಾಠ ಹೇಳಿದವರಲ್ಲಿ ಬರ್ವಿಕ್ ಸೇಯರ್ಸ್ ಎಂಬ ವರ್ಗೀಕರಣ ತಜ್ಞರಿದ್ದರು. ರಂಗನಾಥನ್ ಊರೂರು ಸುತ್ತಿ ಅಲ್ಲಿನ ಗ್ರಂಥಾಲಯಗಳನ್ನು ನೋಡಿದರು. ಕಾರ್ಮಿಕರು, ಗೃಹಿಣಿಯರು, ಮಕ್ಕಳು ತಮ್ಮದೇ ಮನೆಯೆಂಬಂತೆ ಒಳಗೆ ಬಂದು ಪುಸ್ತಕ ತೆಗೆದುಕೊಂಡು ಹೋಗುತ್ತಿದ್ದರು. ನಮ್ಮಲ್ಲಿ ಪುಸ್ತಕಕ್ಕೆ ಬೀಗ ಹಾಕಿ ಕಾಯುವವರು ಇದ್ದರು. ಅಲ್ಲಿ ಪುಸ್ತಕವನ್ನು ಓದುಗನ ಕೈಗೆ ದಾಟಿಸುವವರು ಇದ್ದರು. ಈ ವ್ಯತ್ಯಾಸ ಕಂಡಮೇಲೆ ಅವರು ಪಾಠ ಮಾಡುವ ಕೆಲಸವನ್ನು ಮತ್ತೆ ಕೇಳಲಿಲ್ಲ.

ಅವರನ್ನು ಕಾಡಿದ ಇನ್ನೊಂದು ಸಂಗತಿ ಪುಸ್ತಕ ಜೋಡಿಸುವ ಕ್ರಮ. ಆಗ ಹೆಚ್ಚಾಗಿ ಬಳಕೆಯಲ್ಲಿದ್ದದ್ದು 1876ರಲ್ಲಿ ಅಮೆರಿಕದ ಮೆಲ್ವಿಲ್ ಡ್ಯೂಯಿ ಪ್ರಕಟಿಸಿದ ದಶಮಾಂಶ ಪದ್ಧತಿ. ಅದರಲ್ಲಿ ವಿಷಯಗಳ ಸಿದ್ಧ ಪಟ್ಟಿ ಇರುತ್ತದೆ. ಪಟ್ಟಿಯಲ್ಲಿ ಇಲ್ಲದ ಹೊಸ ವಿಷಯ ಬಂದರೆ ಪರದಾಟ. ಲಂಡನ್ನಿನ ಅಂಗಡಿಯೊಂದರಲ್ಲಿ ರಂಗನಾಥನ್ ಮೆಕ್ಯಾನೋ ಆಟಿಕೆ ನೋಡಿದರು. ಕೆಲವು ಪಟ್ಟಿ, ಚಕ್ರ, ಸರಳು, ನಟ್ಟು ಬೋಲ್ಟು, ಅಷ್ಟೆ. ಅವನ್ನೇ ಬೇರೆ ಬೇರೆ ರೀತಿ ಜೋಡಿಸಿದರೆ ಒಮ್ಮೆ ಕ್ರೇನು, ಒಮ್ಮೆ ಬಂಡಿ, ಒಮ್ಮೆ ಸೇತುವೆ. ವಿಷಯಗಳನ್ನೂ ಹೀಗೇ ಬಿಡಿಭಾಗಗಳಾಗಿ ಒಡೆದು ಬೇಕಾದಂತೆ ಜೋಡಿಸಿದರೆ ಆಗದೇ ಎಂದು ಗಣಿತದ ಮೇಷ್ಟ್ರಿಗೆ ಹೊಳೆಯಿತು. ಅದೇ ಬೆಳೆದು 1933ರಲ್ಲಿ ಕೋಲನ್ ವರ್ಗೀಕರಣ ಎಂಬ ಪುಸ್ತಕವಾಯಿತು. ಬಿಡಿಭಾಗಗಳನ್ನು ಜೋಡಿಸಲು ಅವರು ಬಳಸಿದ ಬೋಲ್ಟು ಎಂದರೆ ಎರಡು ಚುಕ್ಕಿಯ ಕೋಲನ್ ಚಿಹ್ನೆ.

ಸಾಹಿತ್ಯವನ್ನು ಅವರು ಒಡೆದ ಬಗೆ ನೋಡಿ. ಒಂದು ಕೃತಿಗೆ ನಾಲ್ಕು ಪ್ರಶ್ನೆ: ಯಾವ ಭಾಷೆ, ಯಾವ ಪ್ರಕಾರ, ಯಾರು ಬರೆದದ್ದು, ಯಾವ ಕೃತಿ? ಲೇಖಕರನ್ನು ಅವರು ಗುರುತಿಸಿದ್ದು ಹುಟ್ಟಿದ ವರ್ಷದಿಂದ. 1500ರ ದಶಕಗಳಿಗೆ ಜೆ, 1800ರ ದಶಕಗಳಿಗೆ ಎಂ, 1900ರ ದಶಕಗಳಿಗೆ ಎನ್ ಎಂಬ ಅಕ್ಷರ. 1564ರಲ್ಲಿ ಹುಟ್ಟಿದ ಶೇಕ್ಸ್‌ಪಿಯರ್ ಜೆ64. ಇದೇ ಲೆಕ್ಕದಲ್ಲಿ 1896ರ ನಮ್ಮ ಬೇಂದ್ರೆ ಎಂ96, 1904ರ ಕುವೆಂಪು ಎನ್04. ಆ ಕೃತಿಯ ಮೇಲಿನ ವಿಮರ್ಶೆಗೆ ಬೇರೆ ಮೂಲೆಯಿಲ್ಲ. ಕೃತಿಯ ಸಂಖ್ಯೆ ಬರೆದು, ಕೋಲನ್ ಹಾಕಿ, ವಿಮರ್ಶೆಯ ಗುರುತಾದ ಇಂಗ್ಲಿಷಿನ ಸಣ್ಣ ಜಿ ಅಕ್ಷರ ಸೇರಿಸಿದರಾಯಿತು. ಕಪಾಟಿನಲ್ಲಿ ಕವಿಯ ಪಕ್ಕದಲ್ಲೇ ವಿಮರ್ಶಕ ಬಂದು ಕೂರುತ್ತಾನೆ. ಕಾಲೇಜಿನಲ್ಲಿ ಇದನ್ನು ನಾನು ಅಂಕಗಳಿಗಾಗಿ ಬಾಯಿಪಾಠ ಮಾಡಿದ್ದೆ. ಇದರ ಬೆಲೆ ತಿಳಿದದ್ದು ಮಕ್ಕಳು ಬಂದಮೇಲೆ.

ನಮ್ಮೂರಿನ ಹೈಸ್ಕೂಲಿನ ನಾಲ್ಕೈದು ಮಕ್ಕಳು ಬೇಂದ್ರೆ ಕಾವ್ಯದ ಬಗ್ಗೆ ಪ್ರಬಂಧ ಸ್ಪರ್ಧೆಗೆ ಬರೆಯಬೇಕಿತ್ತು. ವಿಮರ್ಶಕರು ಏನು ಹೇಳಿದ್ದಾರೆಂದು ನೋಡಿಕೊಂಡು, ಆಮೇಲೆ ನಿಮ್ಮ ಅಭಿಪ್ರಾಯ ಬರೆಯಿರಿ ಎಂದು ಅವರ ಕನ್ನಡ ಮೇಷ್ಟ್ರು ಹೇಳಿದ್ದರು. ಮಕ್ಕಳು ಮೊಬೈಲಿನಲ್ಲಿ ಹುಡುಕಿದರು. ಸಿಕ್ಕಿದ್ದು ಕವಿಯ ಫೋಟೊ, ಹುಟ್ಟಿದ ದಿನ, ಭಾವಗೀತೆಯ ವಿಡಿಯೊ, ಗೈಡಿನ ಸಾರಾಂಶ. ಐವರ ಹಾಳೆಯಲ್ಲೂ ಅದೇ ನಾಲ್ಕು ಸಾಲು.

ಗ್ರಂಥಾಲಯದ ಕಂಪ್ಯೂಟರಿನಲ್ಲಿ ಐಐಟಿ ಖರಗ್‌ಪುರ ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯ ತೆರೆದೆವು. ಅಲ್ಲೂ ಹೆಸರು ಹಾಕಿದರೆ ರಾಶಿ ಬೀಳುತ್ತದೆ. ಆದರೆ ಪಕ್ಕದಲ್ಲಿ ಭಾಷೆ, ಲೇಖಕ, ವಿಷಯ, ಬಗೆ ಎಂದೆಲ್ಲ ಜರಡಿಗಳಿರುತ್ತವೆ. ಆನ್‌ಲೈನ್ ಅಂಗಡಿಯಲ್ಲಿ ಅಂಗಿ ಹುಡುಕುವಾಗ ಅಳತೆ, ಬಣ್ಣ, ಬೆಲೆ ಎಂದು ಒಂದೊಂದೇ ಒತ್ತುತ್ತೇವಲ್ಲ, ಅದೇ. ಈ ಹುಡುಕಾಟದ ಹಿಂದಿರುವುದು ವಿಷಯವನ್ನು ಮುಖಮುಖವಾಗಿ ಒಡೆಯುವ ತತ್ವ. ಅದನ್ನು ಶಾಸ್ತ್ರವಾಗಿ ಕಟ್ಟಿಕೊಟ್ಟವರು ರಂಗನಾಥನ್. ಕಂಪ್ಯೂಟರು ಮನೆಮನೆಗೆ ಬರುವುದಕ್ಕೆ ಎಷ್ಟೋ ಮೊದಲು, ಕಾರ್ಡು ಪೆಟ್ಟಿಗೆಗಳ ಕಾಲದಲ್ಲಿ.

ಮಕ್ಕಳಿಗೆ ನಾನು ಮೊದಲು ಹೇಳಿಕೊಟ್ಟದ್ದು ಒಂದೇ ವಿಷಯ. ಲೇಖಕ ಎಂಬ ಜಾಗದಲ್ಲಿ ಬೇಂದ್ರೆ ಎಂದು ಹಾಕಿದರೆ ಬೇಂದ್ರೆ ಬರೆದದ್ದು ಬರುತ್ತದೆ. ವಿಷಯ ಎಂಬ ಜಾಗದಲ್ಲಿ ಹಾಕಿದರೆ ಬೇಂದ್ರೆಯ ಬಗ್ಗೆ ಬೇರೆಯವರು ಬರೆದದ್ದು ಬರುತ್ತದೆ. ಕವಿತೆಗೂ ವಿಮರ್ಶೆಗೂ ಇರುವ ಬಾಗಿಲು ಇದೇ. ಎರಡನೆಯದು, ಹೆಸರಿನ ವೇಷಗಳು. ದ.ರಾ. ಬೇಂದ್ರೆ, ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ಅಂಬಿಕಾತನಯದತ್ತ, ಮೂರನ್ನೂ ಹಾಕಿ ನೋಡಬೇಕು. ಎಷ್ಟೋ ಕನ್ನಡ ಪುಸ್ತಕಗಳ ವಿವರ ರೋಮನ್ ಅಕ್ಷರದಲ್ಲೇ ದಾಖಲಾಗಿರುವುದರಿಂದ ಹಾಗೂ ಹುಡುಕಬೇಕು. ಮೂರನೆಯದು, ಶೋಧಗಂಗಾ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಸಂಸ್ಥೆಯ ಈ ಭಂಡಾರದಲ್ಲಿ ದೇಶದ ವಿಶ್ವವಿದ್ಯಾಲಯಗಳ ಪಿಎಚ್‌.ಡಿ ಪ್ರಬಂಧಗಳಿವೆ. ಹೈಸ್ಕೂಲು ಮಕ್ಕಳು ಇಡೀ ಪ್ರಬಂಧ ಓದಬೇಕಿಲ್ಲ. ಅಧ್ಯಾಯಗಳು ಬೇರೆ ಬೇರೆ ಕಡತಗಳಾಗಿರುತ್ತವೆ. ಬೇಕಾದ ಅಧ್ಯಾಯ ಮತ್ತು ಕೊನೆಯ ಗ್ರಂಥಋಣ ತೆರೆದರೆ ಸಾಕು. ಆ ಪಟ್ಟಿಯೇ ಮುಂದಿನ ದಾರಿ ತೋರಿಸುತ್ತದೆ.

ಹಾಗೆ ಹೆಸರುಗಳ ಬೆನ್ನು ಹತ್ತಿದಾಗ ಕೀರ್ತಿನಾಥ ಕುರ್ತಕೋಟಿ ಸಿಕ್ಕರು, ಜಿ.ಎಸ್. ಆಮೂರ ಸಿಕ್ಕರು. ಬೇಂದ್ರೆ ಕಾವ್ಯ ಕುರಿತ ಆಮೂರರ ಭುವನದ ಭಾಗ್ಯ 1996ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ವಿಮರ್ಶಾ ಕೃತಿ. ಕವಿತೆಯ ಬಗ್ಗೆ ಬರೆದ ಪುಸ್ತಕಕ್ಕೂ ಪ್ರಶಸ್ತಿ ಕೊಡುತ್ತಾರಾ ಅಕ್ಕಾ ಎಂದು ಒಬ್ಬ ಹುಡುಗ ಕಣ್ಣರಳಿಸಿದ. ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಮಾತ್ರ ಮುಖ ಸಣ್ಣಗೆ ಮಾಡಿಕೊಂಡು ಕೂತಿದ್ದಳು. ಒಂದು ಕವಿತೆ ಬಗ್ಗೆ ಅವಳಿಗನಿಸಿದ್ದು ಒಂದು, ಅವಳು ಓದಿದ ವಿಮರ್ಶಕರು ಹೇಳಿದ್ದು ಇನ್ನೊಂದು. ತನ್ನದನ್ನು ಅಳಿಸಿಬಿಡಲೇ ಎಂದು ಕೇಳಿದಳು. ಬೇಡ, ಅದೇ ಕವಿತೆಯ ಬಗ್ಗೆ ಇನ್ನೊಬ್ಬರು ಏನು ಹೇಳಿದ್ದಾರೆ ಹುಡುಕೋಣ ಎಂದೆ. ಹುಡುಕಿದೆವು. ಮೊದಲಿನವರನ್ನು ಒಪ್ಪದ ಮತ್ತೊಬ್ಬರು ಸಿಕ್ಕರು. ದೊಡ್ಡವರೂ ಒಬ್ಬರ ಮಾತನ್ನು ಒಬ್ಬರು ಒಪ್ಪುವುದಿಲ್ಲ, ಆದರೆ ಕಾರಣ ಕೊಡುತ್ತಾರೆ ಎಂಬುದು ಅವಳಿಗೆ ಅರ್ಥವಾಯಿತು. ಇಬ್ಬರ ಹೆಸರನ್ನೂ ಬರೆದು, ತನ್ನ ಕಾರಣವನ್ನೂ ಬರೆದಳು. ಆ ಹಾಳೆ ಗೈಡಿನದ್ದಾಗಿರಲಿಲ್ಲ. ಬಹುಮಾನ ಅವಳಿಗೆ ಬರಲಿಲ್ಲ. ಆದರೆ ಮುಂದಿನ ವಾರ ತಾನಾಗಿಯೇ ಬಂದು ಕುವೆಂಪು ಹೆಸರನ್ನು ವಿಷಯದ ಜಾಗದಲ್ಲಿ ಹಾಕಿದಳು.

ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳು ನಮ್ಮ ಕೋರ್ಸಿನ ಮೊದಲ ಪಾಠ. ಪುಸ್ತಕ ಇರುವುದು ಬಳಸಲಿಕ್ಕೆ. ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು. ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಓದುಗನ ಸಮಯ ಉಳಿಸಬೇಕು. ಗ್ರಂಥಾಲಯ ಬೆಳೆಯುವ ಜೀವಿ. ಇವು ಎಷ್ಟು ಸರಳ ಎಂದರೆ ಇದರಲ್ಲೇನಿದೆ ಅನಿಸುತ್ತದೆ. ಆದರೆ ಮಹಾಪ್ರಬಂಧವೊಂದರ ಮೂಲೆಯಲ್ಲಿದ್ದ ಅಧ್ಯಾಯ, ಅದನ್ನು ಬರೆದವರು ಎಣಿಸಿಯೂ ಇರದ ಹದಿನಾಲ್ಕು ವರ್ಷದ ಹುಡುಗಿಯನ್ನು ತಲುಪಿತಲ್ಲ, ಮೂರನೆಯ ಸೂತ್ರ ಎಂದರೆ ಅದೇ.

ಮದರಾಸಿನಲ್ಲಿ ಅವರು ಈ ಸೂತ್ರಗಳಂತೆಯೇ ನಡೆದರು. ಓದುಗರೇ ಕಪಾಟಿನ ಬಳಿ ಹೋಗಿ ಪುಸ್ತಕ ಆರಿಸುವ ವ್ಯವಸ್ಥೆ ತಂದರು. ಕೇಳಿದ ಮಾಹಿತಿ ಹುಡುಕಿಕೊಡುವ ಸಿಬ್ಬಂದಿಯನ್ನು ತಯಾರು ಮಾಡಿದರು. 1928ರಲ್ಲಿ ಮದರಾಸು ಗ್ರಂಥಾಲಯ ಸಂಘ, ಮರುವರ್ಷ ಗ್ರಂಥಪಾಲಕರ ತರಬೇತಿ ಶಾಲೆ ಆರಂಭವಾದವು. ಎರಡು ದಶಕ ರಜೆಯನ್ನೇ ಹಾಕದೆ ದುಡಿದರೆಂದು ಅವರನ್ನು ಬಲ್ಲವರು ಬರೆದಿದ್ದಾರೆ. 1945ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಹೋಗಿ ಅಲ್ಲಿನ ಸುಮಾರು ಒಂದು ಲಕ್ಷ ಪುಸ್ತಕಗಳನ್ನು ತಾವೇ ಕೂತು ವರ್ಗೀಕರಿಸಿದರು. ಆಮೇಲೆ ದೆಹಲಿ ವಿಶ್ವವಿದ್ಯಾಲಯ, ನಂತರ ಎರಡು ವರ್ಷ ಜ್ಯೂರಿಕ್. 1948ರ ಮದರಾಸು ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಹಿಂದೆ ಅವರ ಪರಿಶ್ರಮವಿತ್ತು. ಅವರ ಮಾದರಿಯ ನೆರಳಿನಲ್ಲೇ 1965ರಲ್ಲಿ ನಮ್ಮ ರಾಜ್ಯದ ಗ್ರಂಥಾಲಯ ಕಾಯ್ದೆಯೂ ಬಂತು.

ಕೊನೆಯ ಹದಿನೈದು ವರ್ಷ ಅವರು ನೆಲೆಸಿದ್ದು ಬೆಂಗಳೂರಿನಲ್ಲಿ. 1957ರಲ್ಲಿ ಪದ್ಮಶ್ರೀ, 1965ರಲ್ಲಿ ರಾಷ್ಟ್ರೀಯ ಸಂಶೋಧನ ಪ್ರಾಧ್ಯಾಪಕರ ಗೌರವ ಬಂತು. ಎಪ್ಪತ್ತರ ವಯಸ್ಸಿನಲ್ಲಿ, 1962ರಲ್ಲಿ, ಅವರು ಬೆಂಗಳೂರಿನಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಕಟ್ಟಿದರು. ಅದು ಇಂದಿಗೂ ನಡೆಯುತ್ತಿದೆ. ಉಳಿಸಿದ ಹಣದಲ್ಲಿ ಒಂದು ಲಕ್ಷ ರೂಪಾಯಿಯನ್ನು, ಪತ್ನಿ ಶಾರದಾ ಅವರ ಹೆಸರಿನ ಪೀಠಕ್ಕಾಗಿ ಮದರಾಸು ವಿಶ್ವವಿದ್ಯಾಲಯಕ್ಕೆ ಕೊಟ್ಟಿದ್ದರು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲೇ ತೀರಿಕೊಂಡರು.

ಕೋಲನ್ ವರ್ಗೀಕರಣದಂತೆ ಪುಸ್ತಕ ಜೋಡಿಸುವ ಗ್ರಂಥಾಲಯಗಳು ಇಂದು ಕಡಿಮೆ. ಡ್ಯೂಯಿ ಪದ್ಧತಿಯೇ ಹೆಚ್ಚು ಉಳಿದಿದೆ. ಕಪಾಟಿನಲ್ಲಿ ಗೆಲ್ಲದ ಆ ಯೋಚನೆ ಪರದೆಯ ಮೇಲೆ ಎಲ್ಲರ ಬೆರಳಿಗೆ ಸಿಕ್ಕಿದೆ. ಕೆಲಸ ಹುಡುಕುತ್ತಿರುವ ನನ್ನಂಥವರಿಗೆ ಇದರಲ್ಲೊಂದು ಸಮಾಧಾನವಿದೆ. ಮನಸ್ಸಿಲ್ಲದೆ ಹಿಡಿದ ಕೆಲಸವೂ ಅದರ ಒಳಗಿನ ಪ್ರಶ್ನೆ ಕಂಡರೆ ಜೀವನದ ಕೆಲಸವಾದೀತು. ಮಾಡಿದ್ದು ಎಲ್ಲಿ ಫಲ ಕೊಡುತ್ತದೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಲಾಗದು.

ಗೆಳೆಯರೇ, ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಹೈಸ್ಕೂಲು ಓದುವ ತಮ್ಮ ತಂಗಿಯರು ಇದ್ದೇ ಇರುತ್ತಾರೆ. ಅವರು ಪ್ರಬಂಧಕ್ಕೆ ವಿಷಯ ಕೇಳಿಕೊಂಡು ಬಂದರೆ ಬರೆದುಕೊಡಬೇಡಿ. ಹತ್ತಿರದ ಗ್ರಂಥಾಲಯಕ್ಕೆ ಕರೆದುಕೊಂಡು ಹೋಗಿ, ಲೇಖಕ ಮತ್ತು ವಿಷಯ ಎಂಬ ಎರಡು ಜಾಗಗಳ ವ್ಯತ್ಯಾಸ ತೋರಿಸಿ. ಅರ್ಧ ಗಂಟೆ ಸಾಕು. ಲೈಬ್ರರಿಯನ್ ಯಾರಿಗೆ ಬೇಕು ಎಂದು ಈಗ ಯಾರಾದರೂ ಕೇಳಿದರೆ, ಸಂಜೆ ಐದೂವರೆಗೆ ನಮ್ಮ ಗ್ರಂಥಾಲಯಕ್ಕೆ ಬನ್ನಿ ಎನ್ನುತ್ತೇನೆ. ಅಧಿಸೂಚನೆ ಬರುವುದು ಯಾವಾಗಲೋ. ಕೆಲಸವಂತೂ ಶುರುವಾಗಿದೆ.