ಸೆರೆಯಲ್ಲೂ ಆಶ್ರಯ ಕಂಡ ಸಂತ ಜೋಸೆಫ್ ವಾಜ್

ಆಪತ್ತು ಬಂದೊದಗಿದಾಗ ದೇವರೇ ನಮಗೆ ಆಶ್ರಯವೆಂದು ಪ್ರಾರ್ಥಿಸುತ್ತೇವೆ. ಆದರೆ ಆಶ್ರಯವೆಂದರೆ ಆಪತ್ತೇ ಬಾರದಿರುವುದೆಂದು ಅರ್ಥವೇ? ಶ್ರೀಲಂಕೆಯ ಪ್ರೇಷಿತರೆನಿಸಿದ ಸಂತ ಜೋಸೆಫ್ ವಾಜರ ಜೀವನ ಈ ಪ್ರಶ್ನೆಗೆ ಉತ್ತರವೀಯುತ್ತದೆ.

1651ರ ಏಪ್ರಿಲ್ 21ರಂದು ಗೋವೆಯ ಬೆಣಾವಲಿಯಲ್ಲಿ ಜನಿಸಿದ ಅವರು 1676ರಲ್ಲಿ ಗುರುದೀಕ್ಷೆ ಪಡೆದರು. 1681ರಿಂದ ಸುಮಾರು ಮೂರು ವರ್ಷ ನಮ್ಮ ಕೆನರಾ ಕರಾವಳಿಯಲ್ಲಿ ದುಡಿದು, ಗುರುಗಳಿಲ್ಲದೆ ಸೊರಗಿದ್ದ ಕ್ರೈಸ್ತ ಕುಟುಂಬಗಳನ್ನು ಸಂತೈಸಿದರು.

ಆ ಕಾಲದಲ್ಲಿ ಶ್ರೀಲಂಕೆಯ ಕರಾವಳಿ ಡಚ್ಚರ ವಶದಲ್ಲಿತ್ತು. ಕಥೋಲಿಕ ಗುರುಗಳಿಗೆ ಅಲ್ಲಿ ಪ್ರವೇಶ ನಿಷಿದ್ಧವಾಗಿತ್ತು. 1687ರಲ್ಲಿ ವಾಜರು ಬಡ ಕೂಲಿಯಾಳಿನ ವೇಷದಲ್ಲಿ ಅಲ್ಲಿಗೆ ತಲುಪಿದರು. ಕಾಯಿಲೆಯಿಂದ ಬಳಲಿದರೂ ಕೊರಳಲ್ಲಿ ಜಪಸರ ಧರಿಸಿ ಜಾಫ್ನಾದಲ್ಲಿ ಮನೆಮನೆಗೆ ಭಿಕ್ಷೆಗೆ ಹೋದರು. ಜಪಸರವನ್ನು ಕಂಡು ಗೌರವಿಸಿದವರಲ್ಲಿ ತಮ್ಮವರನ್ನು ಗುರುತಿಸಿದರು. ಬಲಿಪೂಜೆ ರಾತ್ರಿಯಲ್ಲಿ, ಗುಟ್ಟಾಗಿ ನಡೆಯುತ್ತಿತ್ತು.

1689ರ ಕ್ರಿಸ್ಮಸ್ ಸಮಯದಲ್ಲಿ ಡಚ್ ಸೈನಿಕರು ದಾಳಿಯಿಟ್ಟರು. ವಾಜರು ಅವರ ಕೈಗೆ ಸಿಗಲಿಲ್ಲ. ಆದರೆ ಅನೇಕ ಭಕ್ತರು ಬಂಧಿತರಾಗಿ ದಂಡನೆಗೆ ಗುರಿಯಾದರು. ಹಾಗಾದರೆ ದೇವರು ಒಬ್ಬರನ್ನು ಕಾಪಾಡಿ ಉಳಿದವರನ್ನು ಕೈಬಿಟ್ಟರೇ? ಇಲ್ಲ. ತಪ್ಪಿಸಿಕೊಂಡವರಿಗೆ ಸೇವೆಯ ಹೊಣೆ ದೊರೆಯಿತು. ಸೆರೆ ಸಿಕ್ಕವರಿಗೆ ಸಾಕ್ಷಿಯಾಗುವ ಧೈರ್ಯ ದೊರೆಯಿತು. ದೇವರ ಆಶ್ರಯ ಎರಡು ಬಗೆಯಲ್ಲೂ ಬರುತ್ತದೆ.

1692ರಲ್ಲಿ ಅವರು ಕ್ಯಾಂಡಿ ರಾಜ್ಯಕ್ಕೆ ಹೋದಾಗ ಪೋರ್ಚುಗೀಸರ ಗೂಢಚಾರರೆಂಬ ಆರೋಪದ ಮೇಲೆ ಬಂಧಿತರಾದರು. ಈ ಬಾರಿ ಪಾರಾಗುವ ದಾರಿ ಇರಲಿಲ್ಲ. ಸೆರೆಯಲ್ಲೇ ಸಿಂಹಳ ಭಾಷೆ ಕಲಿತರು. ಅಲ್ಲೇ ಗುಡಿಸಲೊಂದನ್ನು ಕಟ್ಟಿ ಪ್ರಾರ್ಥನಾಲಯ ಮಾಡಿಕೊಂಡರು. ಮುಂದೆ ಬರಗಾಲ ಬಂದಾಗ ಅವರ ಪ್ರಾರ್ಥನೆಯಿಂದ ಮಳೆ ಸುರಿಯಿತೆಂದೂ, ಅದನ್ನು ಕಂಡ ಬೌದ್ಧ ದೊರೆ ಎರಡನೆಯ ವಿಮಲಧರ್ಮಸೂರ್ಯನು ಅವರಿಗೆ ಧರ್ಮಬೋಧನೆಯ ಸ್ವಾತಂತ್ರ್ಯವಿತ್ತನೆಂದೂ ಚರಿತ್ರೆಕಾರರು ಬರೆದಿದ್ದಾರೆ.

1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿತು. ಜನರು ತಮ್ಮವರನ್ನೇ ಬಿಟ್ಟು ಓಡಿದರು. ಹಿಂದೆ ಸೈನಿಕರಿಂದ ಮರೆಯಾಗಿ ಉಳಿದಿದ್ದ ವಾಜರು ಈಗ ಮರೆಯಾಗಲಿಲ್ಲ. ರೋಗಿಗಳ ಹುಣ್ಣು ತೊಳೆದರು, ಅನ್ನವಿಕ್ಕಿದರು, ಸತ್ತವರನ್ನು ಹೂಳಿದರು. ಕ್ರೈಸ್ತರು, ಬೌದ್ಧರು ಎಂಬ ಭೇದವೆಣಿಸಲಿಲ್ಲ. ದೇವರಲ್ಲಿ ಆಶ್ರಯ ಪಡೆದವರು ತಾವೇ ಇತರರಿಗೆ ಆಶ್ರಯವಾದರು.

1711ರ ಜನವರಿ 16ರಂದು ಅವರು ಕ್ಯಾಂಡಿಯಲ್ಲೇ ದೈವಾಧೀನರಾದರು. 1995ರಲ್ಲಿ ದ್ವಿತೀಯ ಜಾನ್ ಪಾಲರು ಅವರನ್ನು ಪುನೀತರೆಂದೂ, 2015ರಲ್ಲಿ ಪೋಪ್ ಫ್ರಾನ್ಸಿಸರು ಸಂತರೆಂದೂ ಕೊಲಂಬೊದಲ್ಲಿ ಘೋಷಿಸಿದರು.

ಕುಟುಂಬದಲ್ಲಿ ರೋಗವೋ ಸಾಲವೋ ಭಯವೋ ಎದುರಾದಾಗ ಪಾರುಮಾಡೆಂದು ಬೇಡುವುದು ತಪ್ಪಲ್ಲ. ಅದರೊಡನೆ, ಪಾರಾಗದಿದ್ದರೂ ನಿನ್ನಲ್ಲೇ ನೆಲೆಸಲು ಬಲಕೊಡೆಂದೂ, ನೆರೆಮನೆಯ ಸಂಕಟಕ್ಕೆ ನಮ್ಮ ಬಾಗಿಲು ತೆರೆದಿರಲೆಂದೂ ಬೇಡಿಕೊಳ್ಳೋಣ.