ಮೈಸೂರು ವಾಸುದೇವಾಚಾರ್ಯರು
ವಾಗ್ಗೇಯಕಾರ ವಾಸುದೇವಾಚಾರ್ಯರು ಹುಟ್ಟಿದ್ದು 1865ರಲ್ಲಿ. ಮೈಸೂರು ಅರಮನೆಯ ನೆರವಿನಿಂದ ತಿರುವಯ್ಯಾರಿಗೆ ಹೋಗಿ, ತ್ಯಾಗರಾಜರ ಶಿಷ್ಯಪರಂಪರೆಯ ಪಟ್ಣಂ ಸುಬ್ರಹ್ಮಣ್ಯ ಅಯ್ಯರ್ ಅವರಲ್ಲಿ ಗುರುಕುಲವಾಸ ಮಾಡಿದರು. ಮುಂದೆ ಆಸ್ಥಾನ ವಿದ್ವಾಂಸರಾದರು. ತೆಲುಗು, ಸಂಸ್ಕೃತಗಳಲ್ಲಿ ಅವರು ರಚಿಸಿದ ಕೃತಿಗಳು ಇಂದಿಗೂ ಕಛೇರಿಗಳಲ್ಲಿ ಕೇಳಿಬರುತ್ತವೆ.

ಬೇರೆಯವರಾಗಿದ್ದರೆ ಅಷ್ಟಕ್ಕೇ ತೃಪ್ತರಾಗುತ್ತಿದ್ದರೇನೋ. ಆಚಾರ್ಯರು ತೊಂಬತ್ತರ ಹತ್ತಿರದ ವಯಸ್ಸಿನಲ್ಲಿ, ರುಕ್ಮಿಣೀದೇವಿಯವರ ಕರೆಯಂತೆ ಮದರಾಸಿನ ಕಲಾಕ್ಷೇತ್ರಕ್ಕೆ ಹೋದರು. ಅಲ್ಲಿನ ಕೆಲಸವೇ ಬೇರೆ. ಅಲ್ಲಿಯವರೆಗೆ ಸಾಹಿತ್ಯವೂ ತಮ್ಮದೇ, ಧಾತುವೂ ತಮ್ಮದೇ; ಈಗ ವಾಲ್ಮೀಕಿಯ ಶ್ಲೋಕಗಳಿಗೆ, ಅದೂ ನರ್ತಕರ ಹೆಜ್ಜೆಗೆ ಹೊಂದುವಂತೆ, ರಾಗ ಹಾಕಬೇಕು. ಆ ಇಳಿವಯಸ್ಸಿನಲ್ಲಿ ಅದನ್ನೂ ಕರಗತ ಮಾಡಿಕೊಂಡರು. ಆರು ಭಾಗಗಳ ರಾಮಾಯಣ ನೃತ್ಯನಾಟಕದಲ್ಲಿ ನಾಲ್ಕಕ್ಕೆ ಸಂಗೀತ ಕೂಡಿಸಿ, 1961ರಲ್ಲಿ ತೀರಿಕೊಂಡರು. ಉಳಿದೆರಡನ್ನು ಮೊಮ್ಮಗ ರಾಜಾರಾಂ ಪೂರೈಸಿದರು.