ನೇಗಿಲು ಮಾರಿದ ಲಕ್ಷ್ಮಣರಾವ ಕಿರ್ಲೋಸ್ಕರರು

ಬೆಳ್ಳಿ ಹಬ್ಬದ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಿರೆಂದು ಅಧ್ಯಕ್ಷರು ಹೇಳಿದಾಗ ನಾವು ಹಿಂಜರಿದೆವು. ಎಸ್.ಎಸ್.ಎಲ್.ಸಿ. ಮುಗಿಸಿ ಹೊಲ ಹಿಡಿದವರು ನಾವು. ಆದರೆ ನಮ್ಮ ದನದ ಕೊಟ್ಟಿಗೆಯ ಮೂಲೆಯಲ್ಲಿ ಅಜ್ಜನ ಕಾಲದ ಒಂದು ಕಬ್ಬಿಣದ ನೇಗಿಲು ಬಿದ್ದಿದೆ. ಮೈಯೆಲ್ಲ ತುಕ್ಕು ಹಿಡಿದಿದ್ದರೂ ಕಿರ್ಲೋಸ್ಕರ ಎಂಬ ಅಕ್ಷರಗಳು ಇನ್ನೂ ಕೈಗೆ ಹತ್ತುತ್ತವೆ. ಆ ನೇಗಿಲು ಮಾಡಿದ ಪುಣ್ಯಾತ್ಮರ ಬಗ್ಗೆ ನಾಲ್ಕು ಮಾತು ಬರೆಯೋಣ ಅನ್ನಿಸಿತು. ನಮ್ಮ ಸಂಘದ ಅಂಗಡಿಯ ವ್ಯಾಪಾರ ಈಚೆಗೆ ಖಾಸಗಿ ಅಂಗಡಿಗಳ ಕಡೆ ಸರಿಯುತ್ತಿರುವುದು ನಿಮಗೆಲ್ಲ ಗೊತ್ತೇ ಇದೆ. ಆ ಚಿಂತೆಯೂ ಈ ಬರವಣಿಗೆಗೆ ಒಂದು ಕಾರಣ.

ಲಕ್ಷ್ಮಣರಾವ ಕಾಶೀನಾಥ ಕಿರ್ಲೋಸ್ಕರರು 1869ರ ಜೂನ್ 20ರಂದು ನಮ್ಮದೇ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದರು. ಮನೆಮಾತು ಮರಾಠಿ. ಚಿತ್ರ ಬರೆಯುವ ಹುಚ್ಚು ಇದ್ದುದರಿಂದ ಮುಂಬಯಿಯ ಜೆ.ಜೆ. ಕಲಾಶಾಲೆ ಸೇರಿದರು. ಅಲ್ಲಿ ನೋಡಿದರೆ ಅವರ ಕಣ್ಣಿಗೆ ಕೆಲವು ಬಣ್ಣಗಳ ಭೇದವೇ ತಿಳಿಯುತ್ತಿರಲಿಲ್ಲ! ಎದೆಗುಂದದೆ, ಬಣ್ಣ ಬೇಕಿಲ್ಲದ ಯಂತ್ರಗಳ ನಕ್ಷೆ ತೆಗೆಯುವ ವಿದ್ಯೆ ಕಲಿತು, ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಶಿಕ್ಷಕರಾದರು. ಇವರಿಗೆ ಬರಬೇಕಾದ ಬಡತಿ ಒಬ್ಬ ಆಂಗ್ಲೋ-ಇಂಡಿಯನ್ನನಿಗೆ ಹೋದಾಗ ನೌಕರಿ ಬಿಟ್ಟು ಬೆಳಗಾವಿಗೆ ಬಂದುಬಿಟ್ಟರು.

ಬೆಳಗಾವಿಯಲ್ಲಿ ಅಣ್ಣ ರಾಮಚಂದ್ರರಾಯರ ಜೊತೆ 1888ರಲ್ಲೇ ಸುರುವಾಗಿದ್ದ ಸೈಕಲ್ ಅಂಗಡಿ ಇತ್ತು. ಸೈಕಲ್ ಮಾರುವುದಷ್ಟೇ ಅಲ್ಲ, ಹತ್ತಿ ಓಡಿಸುವುದನ್ನೂ ಕಲಿಸುತ್ತಿದ್ದರು. ಮುಂದೆ ಸಣ್ಣ ಕಾರ್ಖಾನೆ ಹಾಕಿ ಕಣಿಕೆ ಕತ್ತರಿಸುವ ಯಂತ್ರ ತಯಾರಿಸಿದರು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕಬ್ಬಿಣದ ನೇಗಿಲಿಗೆ ಕೈ ಹಾಕಿದರು.

ನೇಗಿಲು ತಯಾರಾಯಿತು, ಕೊಳ್ಳುವವರೇ ಇಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರಿ ಬೆಳೆ ಬರುವುದಿಲ್ಲ ಎಂಬ ಮಾತು ರೈತರಲ್ಲಿ ಹಬ್ಬಿತ್ತು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಈಗ ಇದನ್ನು ಓದಿ ನಗು ಬರುತ್ತದೆ. ಆದರೆ ಆ ಕಾಲದ ರೈತ ದಡ್ಡನಾಗಿರಲಿಲ್ಲ ಎಂದೇ ನಮ್ಮ ಭಾವನೆ. ಅವನ ರಂಟೆಗೂ ಕಬ್ಬಿಣದ ಕುಳ ಇದ್ದೇ ಇತ್ತಲ್ಲ, ಅದರಿಂದ ಏರದ ವಿಷ ಇದರಿಂದ ಹ್ಯಾಂಗ ಏರಬೇಕು? ಖರೇ ಸಂಗತಿ ಬೇರೆ ಇರಬೇಕು. ರಂಟೆ ಮುರಿದರೆ ಊರ ಬಡಿಗೇರ, ಕುಳ ಮೊಂಡಾದರೆ ಊರ ಕಮ್ಮಾರ, ಸುಗ್ಗಿಯಲ್ಲಿ ಕೊಡುವ ಆಯದ ಕಾಳಿಗೆ ಮಾಡಿಕೊಡುತ್ತಿದ್ದರು. ಬಿತ್ತುವ ಹದ ತಪ್ಪುತ್ತಿರಲಿಲ್ಲ. ರೊಕ್ಕ ಕೊಟ್ಟು ತಂದ ನೇಗಿಲು ನಡುಮಳೆಯಲ್ಲಿ ಮುರಿದರೆ ಯಾರ ಹತ್ತಿರ ಹೋಗಬೇಕು? ಅಂದರೆ ಕಿರ್ಲೋಸ್ಕರರಿಗೆ ವಿಲಾಯಿತಿ ನೇಗಿಲಿನ ಸ್ಪರ್ಧೆ ಒಂದು ಕಡೆಯಾದರೆ, ಊರಿನ ಬಡಿಗೇರನ ಸ್ಪರ್ಧೆ ಅದಕ್ಕಿಂತ ದೊಡ್ಡದು.

ಕೊಟ್ಟಿಗೆಯಲ್ಲಿರುವ ನಮ್ಮ ನೇಗಿಲನ್ನೇ ನೋಡಿರಿ. ಎಲ್ಲಾ ಬೋಲ್ಟು-ನಟ್ಟಿನ ಮೇಲೆ ನಿಂತಿದೆ. ಕುಳ ಸವೆದರೆ ಒಂದು ಪಾನಾ ಹಿಡಿದು ರೈತನೇ ಬಿಚ್ಚಿ ಬೇರೆ ಕುಳ ಹಾಕಬಹುದು. ಕುಳ ಪೇಟೆಯಲ್ಲಿ ಬಿಡಿಯಾಗಿ ಸಿಗುತ್ತಿದ್ದವು, ಅಜ್ಜ ಎರಡು ತಂದು ಮನೆಯಲ್ಲಿ ಇಟ್ಟಿರುತ್ತಿದ್ದನಂತೆ. ಎರೆ ಹೊಲದ ಕರಿಕೆಯನ್ನು ಬೇರುಸಹಿತ ಕಿತ್ತು ಮಗ್ಗಲು ಹೊರಳಿಸುವ ಕೆಲಸ ರಂಟೆಯಿಂದ ಆಗುವಂಥದ್ದಲ್ಲ. ಒಬ್ಬನ ಹೊಲ ನೋಡಿ ಬದುವಿನಾಚೆಯವನು ಕೊಂಡ.

ಇಲ್ಲಿ ನಮ್ಮದೊಂದು ತಪ್ಪು ಹೇಳಿಬಿಡುತ್ತೇವೆ. ಕೆಲ ವರ್ಷಗಳ ಹಿಂದೆ ನಾವು ನಿರ್ದೇಶಕರೇ ಮುಂದಾಗಿ, ದರ ಕಡಿಮೆ ಇದೆಯೆಂದು ಒಂದು ಕಂಪನಿಯ ಔಷಧ ಹೊಡೆಯುವ ಪಂಪು ತರಿಸಿ ಸಂಘದಿಂದ ಮಾರಿದೆವು. ತಂದದ್ದೆಲ್ಲ ಒಂದೇ ತಿಂಗಳಲ್ಲಿ ಖಾಲಿ! ಬಹಳ ಖುಷಿಪಟ್ಟೆವು. ಮರುವರ್ಷ ವಾಷರ್ ಹೋದವು, ನಳಿಗೆ ಸೀಳಿದವು. ಬಿಡಿ ಭಾಗ ನಮ್ಮಲ್ಲೂ ಇಲ್ಲ, ಪೇಟೆಯಲ್ಲೂ ಇಲ್ಲ. ಸದಸ್ಯರು ಪಂಪು ತಂದು ಅಂಗಡಿ ಕಟ್ಟೆಯ ಮೇಲೆ ಇಟ್ಟು ಹೋದರು. ಅವರಲ್ಲಿ ಕೆಲವರು ಗೊಬ್ಬರಕ್ಕೂ ಮತ್ತೆ ನಮ್ಮ ಕಟ್ಟೆ ಹತ್ತಲಿಲ್ಲ.

ಕಿರ್ಲೋಸ್ಕರರಿಗೂ ಸಂಕಟ ತಪ್ಪಲಿಲ್ಲ. ವ್ಯಾಪಾರ ಹಿಡಿಯುತ್ತಿರುವಾಗಲೇ, ಊರು ಬೆಳೆಸಬೇಕೆಂದು ಬೆಳಗಾವಿಯ ಪುರಸಭೆ ಕಾರ್ಖಾನೆಯ ಜಾಗ ಖಾಲಿ ಮಾಡಲು ಹೇಳಿತು. ಆಗ ಔಂಧ ಸಂಸ್ಥಾನದ ರಾಜರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಕುಂಡಲ ರೋಡ ಸ್ಟೇಶನ್ ಹತ್ತಿರ 32 ಎಕರೆ ಭೂಮಿ, ಬಡ್ಡಿಯಿಲ್ಲದೆ 10,000 ರೂಪಾಯಿ ಸಾಲ ಕೊಟ್ಟರು. ಕಳ್ಳಿ ಬೆಳೆದು ಹಾವು ಹರಿಯುವ ಬರಡು ನೆಲ ಅದು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ಎದ್ದಿತು. ಕುಡಚಿಯಲ್ಲಿ ಪುಣೆ ಕಡೆಯ ರೈಲು ಹತ್ತಿದವರು ಮಿರಜ, ಸಾಂಗಲಿ, ಭಿಲವಡಿ ದಾಟಿದ ಮೇಲೆ ಆ ಹೆಸರಿನ ಸ್ಟೇಶನ್ ನೋಡಿರುತ್ತೀರಿ. ಜೈಲು ಕಂಡು ಬಂದವರಿಗೂ ಅಲ್ಲಿ ಕೆಲಸ ಕೊಟ್ಟರು. ಮುಟ್ಟು-ಮೈಲಿಗೆ ಆ ಊರಲ್ಲಿ ನಡೆಯಗೊಡಲಿಲ್ಲ.

1914ರಲ್ಲಿ ಮಹಾಯುದ್ಧ ಸುರುವಾಗಿ ವಿಲಾಯಿತಿ ಮಾಲು ಬರುವುದು ನಿಂತಿತು. ಇವರ ನೇಗಿಲಿಗೆ ಬೇಡಿಕೆ ಏರಿತು, ಆದರೆ ಕಬ್ಬಿಣ, ಕಲ್ಲಿದ್ದಲು ಸಿಗದೆ ಒದ್ದಾಡಬೇಕಾಯಿತು. 1920ರಲ್ಲಿ ಕಿರ್ಲೋಸ್ಕರ ಬ್ರದರ್ಸ್ ಲಿಮಿಟೆಡ್ ಕಂಪನಿಯಾಯಿತು. ಮಗ ಶಂತನುರಾಯರು ಅಮೇರಿಕದಲ್ಲಿ ಕಲಿತು ಬಂದರು. ನೇಗಿಲೊಂದನ್ನೇ ನಂಬಿ ಕೂಡದೆ ನೀರೆತ್ತುವ ಪಂಪು, 1941ರಲ್ಲಿ ಹರಿಹರದಲ್ಲಿ ಲೇಥ್ ಯಂತ್ರ, 1946ರಲ್ಲಿ ಪುಣೆಯಲ್ಲಿ ಆಯಿಲ್ ಇಂಜಿನ್, ಬೆಂಗಳೂರಲ್ಲಿ ವಿದ್ಯುತ್ ಮೋಟಾರು ಎಂದು ಕೆಲಸ ಹರಡಿತು. ಹರಿಹರದ ಕಾರ್ಖಾನೆ ಮುಂದೆ ಮುಚ್ಚಿಹೋಯಿತು, ಅದನ್ನೂ ಹೇಳಬೇಕು. ಕೃಷ್ಣಾ ದಂಡೆಯ ನಮ್ಮ ಕಬ್ಬಿಗೆ ಕಿರ್ಲೋಸ್ಕರ ಇಂಜಿನ್ ನೀರು ಹಾಯಿಸಿದ್ದನ್ನು ಹಿರಿಯರು ಈಗಲೂ ನೆನೆಯುತ್ತಾರೆ. ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು.

ನಮ್ಮ ಗೋದಾಮಿನ ಹಿಂದಿನ ಕೋಣೆ ಹರಿದ ಚೀಲ ತುಂಬಿ ಸುಮ್ಮನೆ ಬಿದ್ದಿದೆ. ಅದನ್ನು ತೆರವು ಮಾಡಿ ಪಂಪು, ಮೋಟಾರು ರಿಪೇರಿಗೆ ಊರಿನ ಒಬ್ಬ ಐ.ಟಿ.ಐ. ಹುಡುಗನನ್ನು ಕೂಡ್ರಿಸಬೇಕು, ಸಂಘ ಮಾರುವ ಪ್ರತಿ ಸಾಮಾನಿನ ಬಿಡಿ ಭಾಗ ಅಲ್ಲಿಡಬೇಕು ಎಂಬ ವಿಷಯ ಈ ಸಲದ ವಾರ್ಷಿಕ ಸಭೆಗೆ ತರುತ್ತಿದ್ದೇವೆ. ಖರ್ಚು ಜಾಸ್ತಿ ಎಂದು ನಿರ್ದೇಶಕರಲ್ಲೇ ಇಬ್ಬರು ಒಪ್ಪಿಲ್ಲ. ಕಟ್ಟೆಯ ಮೇಲೆ ಪಂಪು ಇಟ್ಟು ಹೋದವರೂ ಸಭೆಗೆ ಬಂದು ತಮ್ಮ ಮಾತು ಹೇಳಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ.